ಕಡಿಯುವ ಎಲೆ

ಮೊನ್ನೆ ಸೊಸೆ ಸಂತೆಯಿಂದ ಕೆಸುವಿನ ಸೊಪ್ಪು ತಂದಿದ್ದಳು. ಎಳೆಯದು, ಏನೂ ಆಗುವುದಿಲ್ಲ ಎಂದುಕೊಂಡು ಕೈಗೆ ಹುಣಸೆಹಣ್ಣು ಸವರಿಕೊಳ್ಳದೆ ಈಳಿಗೆಮಣೆಯ ಮುಂದೆ ಕೂತೆ. ಒಂದು ಹಿಡಿ ಹೆಚ್ಚುವಷ್ಟರಲ್ಲಿ ಅಂಗೈಯಲ್ಲಿ ಶುರುವಾದ ಕಡಿತ ಮೊಣಕೈವರೆಗೂ ಹತ್ತಿತು. ಸೊಸೆ ಗಾಬರಿಯಾಗಿ ಕೊಬ್ಬರಿ ಎಣ್ಣೆ ತರಲು ಒಳಗೆ ಓಡಿದಳು. ನಾನು ಕೈ ಕೆರೆದುಕೊಳ್ಳುತ್ತಾ ನಗುತ್ತಾ ಕೂತೆ. ಪಕ್ಕದ ಮನೆಯ ಅಕ್ಕ ನೆನಪಾಗಿದ್ದರು…

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ಮಳವಳ್ಳಿಯಿಂದ ಮಂಡ್ಯಕ್ಕೆ ಬಂದ ಹೊಸತು. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಮೇಷ್ಟ್ರು. ಗಾಳಿ ತಿರುಗಿದರೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ನಮ್ಮ ಬಾಡಿಗೆ ಮನೆಯೊಳಗೆ ನುಗ್ಗಿ ಒಗೆದ ಬಟ್ಟೆಗೂ ಅಂಟಿಕೊಳ್ಳುತ್ತಿತ್ತು. ಪಕ್ಕದ್ದು ಆ ಅಕ್ಕನ ಸ್ವಂತ ಮನೆ. ಗಂಡ ನಾಲೆಯ ಕೆಲಸದಲ್ಲಿದ್ದವರು, ಜ್ವರ ಬಂದು ತೀರಿಕೊಂಡಿದ್ದರಂತೆ. ಮಕ್ಕಳಿರಲಿಲ್ಲ. ನಡುವೆ ನನ್ನ ಎದೆಮಟ್ಟದ ಗೋಡೆ.

ಬಂದ ಮೊದಲ ಶುಕ್ರವಾರ, ಏನೂ ತಿಳಿಯದ ನಾನು ಗೋಡೆಯ ಮೇಲಿಂದ ಇಣುಕಿ, "ಅಕ್ಕ, ಪೂಜೆಗೆ ನಾಲ್ಕು ಹೂವಿದ್ದರೆ ಕೊಡ್ತೀರಾ?" ಎಂದು ಕೇಳಿದ್ದೆ. ಅವರು ತಲೆ ಎತ್ತಿ ನನ್ನ ಮುಡಿಯನ್ನೂ ಮುಖವನ್ನೂ ನೋಡಿದರು.

"ಊವಿಲ್ಲ ಕಣಮ್ಮ. ಎಲೆ ಅವೆ, ನೋಡೋಂಗಿದ್ರೆ ಬಾ."

ಹೋದೆ. ಹಿತ್ತಿಲ ತುಂಬ ನೆರಳು ಚೆಲ್ಲಿದ ಒಂದು ಹೊಂಗೆ ಮರ. ಅದರ ಕೆಳಗೆ, ಒಡೆದ ಮಡಕೆ, ತೂತು ಬಿದ್ದ ಕೊಳಗ, ಹರಕು ಬಕೆಟ್ಟು, ಸಾಲದೆ ಇದ್ದ ಕಡೆ ಬರಿ ನೆಲ, ಎಲ್ಲದರಲ್ಲೂ ಎಲೆಯೋ ಎಲೆ. ಕೆಸುವಿನದೇ ಆಕಾರ, ಆನೆಯ ಕಿವಿಯಂತೆ ಜೋತ ಎಲೆಗಳು. ಆದರೆ ಒಂದರ ನರನರವೂ ಕೆಂಪು. ಇನ್ನೊಂದು ಹಸಿರಂಚು ಬಿಟ್ಟು ಪೂರ್ತಿ ಬಿಳಿ. ಮತ್ತೊಂದರ ಮೇಲೆ ಯಾರೋ ಕುಂಕುಮ ಎರಚಿ ಹೋದ ಹಾಗೆ ಚುಕ್ಕೆ. ನಮ್ಮೂರಲ್ಲಿ ಕೆಸು ಎಂದರೆ ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಬೆಳೆಯುವ ಸೊಪ್ಪು. ಅದಕ್ಕೆ ಇಂಥ ಸಿಂಗಾರವೂ ಉಂಟೆಂದು ನನಗೆ ಗೊತ್ತಿರಲಿಲ್ಲ. ಮುಟ್ಟಲು ಕೈ ಚಾಚಿದೆ.

"ಮುಟ್ಬ್ಯಾಡ. ಕಡೀತದೆ," ಎಂದರು ಅಕ್ಕ.

ಬಣ್ಣಗೆಸು ಎಂದು ಅವರೇ ಇಟ್ಟುಕೊಂಡ ಹೆಸರು. ಬಂಗಲೆಯೊಂದರ ಮಾಲಿ ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿದ್ದು ಕಂಡು, ಸತ್ತುಹೋದವು ಎಂದು ಗೆಡ್ಡೆಗಳನ್ನು ಕಿತ್ತು ತಿಪ್ಪೆಗೆ ಎಸೆದಿದ್ದನಂತೆ. ಅಕ್ಕ ಸೆರಗಿನಲ್ಲಿ ಆರಿಸಿಕೊಂಡು ಬಂದರು. ಮುಂಗಾರಿನ ಮೊದಲ ಹನಿ ಬಿದ್ದದ್ದೇ ತಡ, ಸುರುಳಿ ಸುತ್ತಿಕೊಂಡು ಮೇಲೆ ಬಂದವು. ಅಲ್ಲಿಂದ ಮುಂದೆ ಅಕ್ಕಿ ತೊಳೆದ ನೀರೆಲ್ಲ ಅವಕ್ಕೇ. ಹೊಂಗೆಯ ಉದುರೆಲೆಯೇ ಹೊದಿಕೆ. ಅಕ್ಕನ ತವರು ಕೊಕ್ಕರೆ ಬೆಳ್ಳೂರು. ಬೇಸಿಗೆಯಲ್ಲಿ ಹೋದಾಗ ಹಕ್ಕಿಗಳ ಮರದಡಿಯ ಹಿಕ್ಕೆಗೊಬ್ಬರವನ್ನು ಗೋಣಿಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತರುತ್ತಿದ್ದರು. ಕಂಡಕ್ಟರ್ ಮೂಗು ಮುಚ್ಚಿಕೊಂಡರೆ, "ನಿನ್ ಸೀಟ್ನಾಗೆ ಇಟ್ಟಿಲ್ಲ ಬುಡು," ಎನ್ನುವ ಹೆಂಗಸು.

ಗಿಡಕ್ಕೆ ಅಪರೂಪಕ್ಕೊಂದು ಮೊಗ್ಗು ಬರುತ್ತಿತ್ತು. ಅಕ್ಕ ಅದನ್ನು ಉಗುರಿನಿಂದ ಚಿವುಟಿ ಎಸೆಯುತ್ತಿದ್ದರು. ಹೂವಿಗೆ ಬಿಟ್ಟರೆ ಗೆಡ್ಡೆಯ ಸತ್ವವೆಲ್ಲ ಅಲ್ಲಿಗೇ ಹೋಗಿ ಎಲೆ ಸೊರಗುತ್ತವೆ, ಅದಕ್ಕೆ. ನಮ್ಮ ಬೀದಿಯ ಹೆಂಗಸರು ಇದನ್ನು ಕಂಡು, ಮೊಗ್ಗು ಚಿವುಟುವ ಕೈ ಒಳ್ಳೆಯದಲ್ಲ ಎಂದು ಗುಸುಗುಟ್ಟುತ್ತಿದ್ದರು. ಹೂವು ಮುಡಿಯಬೇಡ ಎಂದವರೂ ಅವರೇ, ಹೂವು ಚಿವುಟಬೇಡ ಎಂದವರೂ ಅವರೇ. ನನಗೆ ಮೈ ಉರಿದುಹೋಗುತ್ತಿತ್ತು.

ಆ ಹಿತ್ತಿಲಲ್ಲಿ ಮೊದಲು ಮಲ್ಲಿಗೆ ಇತ್ತಂತೆ. ಗಂಡನ ತಿಥಿಯ ದಿನ ಬಳೆ ಒಡೆದು, ಕುಂಕುಮ ಒರೆಸಿ, ಆಮೇಲೆ ಅಕ್ಕನ ಮೈದುನ ಹಿತ್ತಿಲಿಗೆ ಹೋಗಿ, ಮುಡಿಯುವವರಿಲ್ಲದ ಮನೆಯಲ್ಲಿ ಇದೇಕೆ ಎಂದು ಮಲ್ಲಿಗೆ ಬಳ್ಳಿಯನ್ನು ಬುಡಸಮೇತ ಕಿತ್ತುಹಾಕಿದ. ಅಕ್ಕ ಇದನ್ನು ಅಳುತ್ತಾ ಹೇಳಲಿಲ್ಲ. ಬಿಳಿ ಎಲೆಯ ಮೇಲಿನ ಬಸವನಹುಳು ಕಿತ್ತು ಗೋಡೆಯಾಚೆ ಎಸೆಯುತ್ತಾ ಹೇಳಿದರು.

"ಅದ್ಕೇ ಇವ್ನ ಸಾಕ್ಕೊಂಡೆ. ಯಾವ ದೇವ್ರೂ ಕೇಳಕಿಲ್ಲ, ಯಾರೂ ಮುಡಿಯಕಿಲ್ಲ, ಯಾರ್ ಬಾಯ್ಗೂ ಇಡ್ಸಕಿಲ್ಲ. ನಾನು ನೋಡಕ್ಕೆ, ಅಷ್ಟೇಯ. ಅಣೆ ಮ್ಯಾಲೆ ಕುಂಕ್ಮ ಇಲ್ದಿದ್ರೆ ಓಗ್ಲಿ, ಇತ್ಲಲ್ಲಿ ಐತಲ್ಲ."

ಮೈದುನ ಕೆರಗೋಡಿನಲ್ಲಿದ್ದ. ಗದ್ದೆ, ಕಬ್ಬು, ಗಾಡಿ ಎತ್ತು, ಎಲ್ಲ ಇದ್ದವನು. ಮಾತು ಅವನ ದೊಡ್ಡ ಆಸ್ತಿ. ಬಸ್ಸಿನಿಂದ ಇಳಿದರೆ ಬೀದಿಯ ಆ ತುದಿಯಿಂದಲೇ ಅವನ ದನಿ ಕೇಳುತ್ತಿತ್ತು. ಆ ವರ್ಷ ಶ್ರಾವಣದಲ್ಲಿ ಅವನು ಬಂದದ್ದು ಒಂದು ನಿರ್ಧಾರ ಮಾಡಿಕೊಂಡು. ಅತ್ತಿಗೆ ಊರಿಗೆ ಬಂದು ಅವನ ಮನೆಯಲ್ಲಿರಬೇಕು, ಮನೆಯಲ್ಲಿ ಕೆಲಸಕ್ಕೆ ಕೈ ಸಾಲದು. ಈ ಮನೆಯನ್ನು ಬಾಡಿಗೆಗೆ ಕೊಡುವುದು. ಹೊಂಗೆ ಮರ ಕಡಿದು ಹಿತ್ತಿಲಲ್ಲಿ ಬೆಲ್ಲ ಇಡುವ ಗೋಡೌನು ಕಟ್ಟುವುದು. ಒಂಟಿ ಹೆಂಗಸು ಪೇಟೆಯಲ್ಲಿದ್ದರೆ ಮನೆತನದ ಮರ್ಯಾದೆ ಏನಾಗಬೇಕು? ಗೋಡೆಯ ಈಚೆ ಬಟ್ಟೆ ಒಗೆಯುತ್ತಿದ್ದ ನನಗೆ ಎಲ್ಲವೂ ಕೇಳಿಸಿತು. ನಾನು ಒಗೆದದ್ದನ್ನೇ ಮತ್ತೆ ಒಗೆಯುತ್ತಾ ನಿಂತೆ.

ಅಕ್ಕ ಬರುವುದಿಲ್ಲ ಎಂದರು. ಅವನಿಗೆ ಅದು ಕೇಳಿಸಲೇ ಇಲ್ಲ.

"ಏನೈತೆ ಅಂತ ಇಲ್ಲಿರ್ತೀಯ ಅತ್ಗೆ? ಉಣ್ಣಾಕಾಗ್ದ ಮುಡಿಯಾಕಾಗ್ದ ಎಲೆ ಯಾವ ಸೀಮೆ ಎಲೆ? ಕೆಸಿನ್ ಸೊಪ್ಪು ತಾನೆ? ಉಪ್ಸಾರು ಮಾಡ್ಕೊಂಡು ಉಣ್ತೀನಿ ನೋಡು," ಎಂದು ಚೆನ್ನಾಗಿ ಬಲಿತ ಕೆಂಪು ನರದ ಎಲೆಗಳನ್ನೇ ಒಂದು ಕಂತೆ ಕೊಯ್ದ.

"ಬ್ಯಾಡ ಕಣಪ್ಪ. ಅದು ತಿನ್ನೋ ಕೆಸ ಅಲ್ಲ. ಕಡೀತದೆ."

"ಕೆಸಿನ್ ಸೊಪ್ಪು ತಿಂದೇ ಬೆಳ್ದೋನು ನಾನು. ನಾಳೀಕೆ ಊರ ಯಜಮಾನ್ರನ್ನ ಕರ್ಕೊಂಡು ಬತ್ತೀನಿ, ಅವ್ರ ಮುಂದೆ ಮಾತು. ಆಮ್ಯಾಕೆ ಮರ ಕಡೀತೀನಿ."

"ನೀನು ಮರ ಕಡೀತೀಯ. ನನ್ನೆಲೆ ನಿನ್ನ ಕಡೀತದೆ. ಯೋಳಿವ್ನಿ, ಆಮೇಲೆ ಯೋಳ್ನಿಲ್ಲ ಅನ್ಬ್ಯಾಡ."

ಅವನು ನಗುತ್ತಾ ಕಂತೆಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದ. ಅಕ್ಕ ಎಲೆಯಿಲ್ಲದ ದಂಟುಗಳ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು. ಆ ದಿನ ಅವರು ಅಡುಗೆ ಮಾಡಲಿಲ್ಲ. ನಾನು ಕೊಟ್ಟ ಅನ್ನವನ್ನೂ ಮುಟ್ಟಲಿಲ್ಲ. ಮೈದುನನ ಜೊತೆ ಹೋದರೆ ಇವರು ಬದುಕುವುದಿಲ್ಲ ಎಂದು ನನಗೆ ಭಯವಾಯಿತು. ಊರಿನ ಆ ಮನೆಯಲ್ಲಿ ಹಿಂದಿನ ಕೋಣೆ, ಕತ್ತಲೆ, ಕಣ್ಣೆದುರು ಬರಬಾರದ ಮುಖ…

ಮಾರನೆಯ ದಿನ ಬಂದರು. ಯಜಮಾನರು, ಜೊತೆಗೆ ಹಿರಿಯರು ಕೆಲವರು, ಕೊಡಲಿ ಹಿಡಿದ ಇಬ್ಬರು ಆಳು. ಜಗಲಿಯ ಮೇಲೆ ಕೂತರು. ಬೀದಿಯವರೆಲ್ಲ ಸೇರಿದರು. ಮೈದುನ ಮಾತ್ರ ಕುತ್ತಿಗೆಗೆ ಟವೆಲು ಸುತ್ತಿಕೊಂಡು ಮೂಲೆಯಲ್ಲಿ ನಿಂತಿದ್ದ. ತುಟಿ ಬಾತುಕೊಂಡಿತ್ತು, ಕಣ್ಣು ಕೆಂಪಾಗಿತ್ತು.

ಆದದ್ದು ಇಷ್ಟು. ಬೇರೆ ಸೀಮೆಯವರಾಗಿದ್ದರೆ ಆ ಸೊಪ್ಪನ್ನು ಬಾಯಿಗಿಟ್ಟು ಅಗಿದ ಕೂಡಲೇ ನಾಲಿಗೆ ಚುರ್ ಎಂದು ಉಗಿದುಬಿಡುತ್ತಿದ್ದರು. ನಮ್ಮ ಕಡೆಯವರು ಮುದ್ದೆ ಅಗಿಯುತ್ತಾರೆಯೇ? ಮುರಿದು, ಉಂಡೆ ಮಾಡಿ, ಸೊಪ್ಪಿನ ಸಮೇತ ಉಪ್ಸಾರಿನಲ್ಲಿ ಅದ್ದಿ ಗುಳುಕ್ ಎಂದು ನುಂಗುವುದು. ನಾಲಿಗೆಗೆ ಸುದ್ದಿ ಮುಟ್ಟುವ ಮೊದಲೇ ಅರ್ಧ ಮುದ್ದೆ ಗಂಟಲಲ್ಲಿ ಇಳಿದಿತ್ತು. ಅವನ ಹೆಂಡತಿ, ಪುಣ್ಯಾತ್ಗಿತ್ತಿ, ಬಣ್ಣ ನೋಡಿಯೇ ತಾನು ತಿನ್ನಲಿಲ್ಲವಂತೆ.

"ಏನ್ಲಾ, ಮಾತಾಡು. ನೀನೇ ಅಲ್ವಾ ಕರ್ದೋನು?" ಎಂದರು ಯಜಮಾನರು.

ಅವನು ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಮತ್ತೊಮ್ಮೆ ತೆರೆದ. ಬಾಗಿಲ ಬಳಿ ನಿಂತಿದ್ದ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. ಗಂಡಸರು ಕೂತ ಕಡೆ ಆ ಮನೆಯ ಹೆಂಗಸು ಹಾಗೆ ಬಂದು ನಿಂತದ್ದನ್ನು ನಮ್ಮ ಬೀದಿ ನೋಡಿರಲಿಲ್ಲ.

"ಅವನ್ ಗಂಟ್ಲು ಕಟ್ಕೊಂಡದೆ. ನಾನೇ ಯೋಳ್ತೀನಿ ಕೇಳಿ. ಬಳೆ ಒಡುದ್ರು, ಸುಮ್ಕಿದ್ದೆ. ಮಲ್ಗೆ ಕಿತ್ತಾಕುದ್ರು, ಸುಮ್ಕಿದ್ದೆ. ಈಗ ನೆರಳ್ನೂ ಕಡೀತೀನಿ ಅಂತವ್ನೆ. ಈ ಗ್ವಾಡೆ ಇಟ್ಗೆ ನನ್ ಗಂಡನ್ ಜೊತೇಲಿ ನಾನೂ ಒತ್ತಿವ್ನಿ. ನಾನು ಊರ್ಗೆ ಬರಾಕಿಲ್ಲ. ಯಾರ್ ಯೋಳುದ್ರೂ ಬರಾಕಿಲ್ಲ."

ಯಜಮಾನರು ಮೈದುನನ ಕಡೆ ತಿರುಗಿ, ಇದಕ್ಕೇನು ಹೇಳುತ್ತೀಯ ಎಂದರು. ಅವನು ಕೈ ಆಡಿಸಿದ, ಕೆಮ್ಮಿದ, ಕೊನೆಗೆ ಗಂಟಲು ಹಿಡಿದುಕೊಂಡು ಕೂತುಬಿಟ್ಟ. ಯಾರೋ ಒಬ್ಬರು ಕಿಸಕ್ಕೆಂದರು, ಆಮೇಲೆ ಇಡೀ ಜಗಲಿ ನಕ್ಕಿತು. ಅಕ್ಕ ನಗಲಿಲ್ಲ. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಅವನ ಮುಂದಿಟ್ಟರು. ಹೆಂಗಸು ತನ್ನ ಮನೆಯಲ್ಲಿ ತಾನಿರುತ್ತೀನಿ ಅಂದರೆ ನಾವು ಬಂದು ಬೇಡ ಅನ್ನೋಕೇನಿದೆ ಎಂದು ಯಜಮಾನರು ಎದ್ದರು. ಕೊಡಲಿಗಳು ಬಂದ ಹಾಗೆಯೇ ಹೋದವು.

ಅವಮಾನ ನುಂಗಿದವನು ಸುಮ್ಮನಿರುತ್ತಾನೆಯೇ? ಮುಂದಿನ ಬೇಸಿಗೆಯಲ್ಲಿ ಅಕ್ಕ ಗೊಬ್ಬರ ತರಲು ತವರಿಗೆ ಹೋಗಿದ್ದಾಗ ಆಳುಗಳೊಂದಿಗೆ ಬಂದು ಮರ ಕಡಿಸಿಯೇಬಿಟ್ಟ. ನಮ್ಮ ಮನೆಯವರು ಅಡ್ಡ ಹೋದರೆ, ಇದು ನಮ್ಮ ಮನೆ ವಿಚಾರ ಮೇಷ್ಟ್ರೇ ಎಂದ. ಅಕ್ಕ ಚೀಲ ಹೊತ್ತು ಬಂದಾಗ ಹಿತ್ತಿಲಲ್ಲಿ ಬರೀ ಬಿಸಿಲು. ಗೆಡ್ಡೆಗಳು ಆಗಷ್ಟೇ ಮೂತಿ ತೋರಿಸುತ್ತಿದ್ದವು. ಆ ಬಿಸಿಲಿಗೆ ಒಂದು ವಾರವೂ ತಡೆಯುವಂತಿರಲಿಲ್ಲ. ಅಕ್ಕ ಬೊಡ್ಡೆಯ ಮೇಲೆ ಕೈಯಿಟ್ಟು ನಿಂತರು. ಅಳುತ್ತಾರೆ ಎಂದುಕೊಂಡು ನಾನು ಗೋಡೆ ಹತ್ತಿ ಇಳಿಯುವಷ್ಟರಲ್ಲಿ ಒಳಗೆ ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು.

ಹೊರಗೆ ಬಂದಾಗ ಅವರ ಕೈಯಲ್ಲಿ ಧಾರೆ ಸೀರೆ ಇತ್ತು. ಕೆಂಪು ರೇಷ್ಮೆ, ಅಂಗೈ ಅಗಲದ ಜರಿ. ಗಂಡ ಹೋದ ಮೇಲೆ ಮೈಗೆ ತಾಕಿಸಬಾರದೆಂದು ಅಡಿಯಲ್ಲಿಟ್ಟಿದ್ದದ್ದು. ನಾಲ್ಕು ಬಿದಿರ ಗಳು ನೆಡಲು ನನ್ನನ್ನೇ ಕರೆದರು. ಸೀರೆಯನ್ನು ಮಡಿಕೆ ಬಿಚ್ಚಿ, ಮೂಲೆಗಳನ್ನು ಹುರಿಯಲ್ಲಿ ಬಿಗಿದು, ಹಿತ್ತಿಲಿಗೆ ಚಪ್ಪರ ಹಾಕಿದ ಹಾಗೆ ಹೊದಿಸಿದೆವು. ಕೆಳಗೆ ಎಲ್ಲವೂ ಕೆಂಪಾಯಿತು. ಅಕ್ಕನ ಬೋಳು ಹಣೆಯೂ.

ಬೀದಿಗೆ ಬೀದಿಯೇ ಬಾಯಿ ಬಡಿದುಕೊಂಡಿತು. ಸುದ್ದಿ ಮುಟ್ಟಿ ಮೈದುನ ಓಡಿಬಂದ.

"ಅದು ನಮ್ಮಣ್ಣ ತಾಳಿ ಕಟ್ದಾಗ ಉಟ್ಟಿದ್ ಸೀರೆ ಕಣತ್ಗೆ!"

"ಊಂ ಕಣಪ್ಪ. ಉಡಬ್ಯಾಡ ಅಂದ್ರಿ, ಉಟ್ಟಿಲ್ಲ. ಗಿಡುಕ್ಕೆ ಒದಿಸ್ಬ್ಯಾಡ ಅಂತ ಯಾರಂದಿದ್ರಿ?"

ಚಪ್ಪರದ ಹುರಿ ಬಿಚ್ಚಲು ಕೈ ಎತ್ತಿದವನು ಅಣ್ಣನ ನೆನಪಾಯಿತೋ ಏನೋ, ಇಳಿಸಿಕೊಂಡು ಹೊರಟುಹೋದ. ಆಮೇಲೆ ಬರಲಿಲ್ಲ. ಆ ಮುಂಗಾರಿನಲ್ಲಿ ಬಣ್ಣಗೆಸು ಹಿಂದೆಂದೂ ಬಾರದಷ್ಟು ಅಗಲವಾಗಿ ಬಂತು. ಸೀರೆ ಮಳೆ ಬಿಸಿಲಿಗೆ ಚಿಂದಿಯಾಗುವ ಹೊತ್ತಿಗೆ ಹೊಂಗೆಯ ಬೊಡ್ಡೆ ಚಿಗುರಿ ತಲೆಯೆತ್ತರ ಬೆಳೆದಿತ್ತು.

ನಮಗೆ ಮದ್ದೂರಿಗೆ ವರ್ಗವಾದಾಗ ಅಕ್ಕ ಬೂದಿಯಲ್ಲಿ ಹೊರಳಿಸಿದ ಗೆಡ್ಡೆಗಳನ್ನು ಹಳೆ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಬಹಳ ಕಾಲ ಬಾಳಿದವು. ಕೊನೆಗೆ ನಾವು ಸ್ವಂತ ಮನೆ ಕಟ್ಟಿಸುವಾಗ, ಚಳಿಗಾಲ, ಕುಂಡಗಳು ಬರಿದಾಗಿದ್ದವು. ಗಾರೆಯವರು ಸತ್ತ ಗಿಡ ಎಂದು ಮಣ್ಣುಸಮೇತ ತಳಪಾಯಕ್ಕೆ ಸುರಿದುಬಿಟ್ಟರು. ನನ್ನ ನಡುಮನೆಯ ಕೆಳಗೆಲ್ಲೋ ಇವೆ. ಅಕ್ಕ ಅದಕ್ಕೂ ಮೊದಲೇ ಹೋಗಿದ್ದರು. ಸುದ್ದಿ ನಮಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಅವರ ಹಿತ್ತಿಲಿಗೆ ಈಗ ಸಿಮೆಂಟು ಹಾಕಿದ್ದಾರೆ, ಹೊಂಗೆಯೂ ಇಲ್ಲ. ಹೋಗಿ ನೋಡಿ ಬಂದೆ. ನೋಡಬಾರದಿತ್ತು…

ನಮ್ಮ ಮನೆಯವರು ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು. ತಿಥಿಯ ದಿನ ನೆಂಟರ ಹೆಂಗಸರು ನನ್ನನ್ನು ಮಣೆಯ ಮೇಲೆ ಕೂರಿಸಿ, ತಲೆ ತುಂಬ ಹೂವು ಮುಡಿಸಿ, ಕೈತುಂಬ ಬಳೆ ತೊಡಿಸಿದರು. ತೆಗೆಯುವುದಕ್ಕಾಗಿಯೇ ಮುಡಿಸುವುದು, ಒಡೆಯುವುದಕ್ಕಾಗಿಯೇ ತೊಡಿಸುವುದು. ಹಿರಿಯವಳೊಬ್ಬಳು ಕಣ್ಣೊರೆಸಿಕೊಂಡು ನನ್ನ ಮುಡಿಗೆ ಕೈ ಹಾಕಲು ಬಂದಳು. ಓದಿದವಳು ನಾನು, ಮೇಷ್ಟ್ರ ಹೆಂಡತಿ, ಹೇಳಬಹುದಾದ ಮಾತು ಎಷ್ಟೋ ಇದ್ದವು. ಬಾಯಿಂದ ಬಂದದ್ದು ಮಾತ್ರ ಒಂದೇ.

"ಮುಟ್ಬ್ಯಾಡ. ಕಡೀತದೆ."

ಚಾಚಿದ ಕೈ ಹಾಗೇ ನಿಂತಿತು. ನನ್ನ ಹೂವು ನನ್ನ ತಲೆಯಲ್ಲೇ ಬಾಡಿತು, ಮಾರನೆಯ ದಿನ ಹೊಸದು ಮುಡಿದೆ. ಇವತ್ತೂ ಮುಡಿದಿದ್ದೇನೆ. ಇದನ್ನು ಹೇಳಿಕೊಳ್ಳಲು ಗೋಡೆಯಾಚೆ ಅವರೊಬ್ಬರು ಇರಬೇಕಿತ್ತು. ಇಲ್ಲ. ಒಂದು ಎಲೆಯೂ ಉಳಿದಿಲ್ಲ, ಸಂತೆಯ ಈ ಬಡ ಕೆಸುವಿನ ಕಡಿತ ಬಿಟ್ಟರೆ.

ಸೊಸೆ ಎಣ್ಣೆಯ ಬಟ್ಟಲು ಹಿಡಿದು ಬಂದು ನಿಂತಳು. ಬೇಡ, ಇರಲಿ ಬಿಡೆ, ಇನ್ನೂ ಸ್ವಲ್ಪ ಹೊತ್ತು ಕಡಿಯಲಿ ಎಂದೆ.