ಮಿಂಚುಳ್ಳಿಯ ಕೊರಳಿನ ಗೆರೆ

ಜಿನ್ನು, ದೃಷ್ಟಿ ಎಂದು ಯಾರಾದರೂ ಶುರುಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಹಾಗಾಗಿ ಇದನ್ನು ನಂಬಿ ಎಂದು ನಿಮಗೆ ಹೇಳುವ ಮುಖ ನನಗಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ, ಡಚ್ಚರ ನಾಡಿನ ವೆಲ್ಡ್‌ಹೋವನ್‌ನಲ್ಲಿ ನಮ್ಮ ಪಕ್ಕದ ಮನೆಯ ಡಚ್ ಅಜ್ಜಿ ಸೊಂಟದ ಆಪರೇಷನ್‌ಗೆ ಹೋಗುವ ಮುನ್ನ ಒಂದು ಚಿತ್ರವನ್ನು ನನ್ನ ಕೈಗೆ ಕೊಟ್ಟರು. ಜಪಾನಿನಲ್ಲಿ ಮರದ ಹಲಗೆ ಕೆತ್ತಿ ಅಚ್ಚೊತ್ತಿದ್ದು: ಐರಿಸ್ ಹೂವಿನ ಮೇಲೆ ಬಾಗಿದ ನೀಲಿ ಮಿಂಚುಳ್ಳಿ. ತೀರಿಕೊಂಡ ಗಂಡ ಮದುವೆಯ ಹೊಸದರಲ್ಲಿ ತಂದುಕೊಟ್ಟದ್ದಂತೆ. ಮನೆಗೆ ಬಣ್ಣ ಹೊಡೆಯುವವರು ಬರುತ್ತಾರೆ, ನಿನ್ನಲ್ಲೇ ಇರಲಿ ಎಂದರು. ನಮ್ಮಲ್ಲಿ ಅದಕ್ಕೆ ಅಮಾನತ್ ಎನ್ನುತ್ತೇವೆ. ನಂಬಿ ಒಪ್ಪಿಸಿದ ವಸ್ತು ಕೆಟ್ಟರೆ ಮಾನವೂ ಹೋದ ಹಾಗೆ. ಗೋಡೆಗೆ ತೂಗುಹಾಕಿ, ಫೋಟೊ ತೆಗೆದು ಅಜ್ಜಿಗೆ ಕಳಿಸಿದೆ.

ಆಗ ದಾವಣಗೆರೆಯಿಂದ ನನ್ನ ಗಂಡನ ಅಕ್ಕ, ನಾವೆಲ್ಲ ಆಪಾ ಎನ್ನುವವರು, ಬಂದಿದ್ದರು. ಒಂದು ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ, ಹಕ್ಕಿಯ ಕೊರಳಿಗೆ ಅಡ್ಡವಾಗಿ ಕೂದಲೆಳೆಯಷ್ಟು ಬಿಳಿ ಗೆರೆ. ಆಪಾ ಅದರ ಮುಂದೆಯೇ ನಮಾಜಿನ ಚಾಪೆ ಮಡಚುತ್ತಿದ್ದರು. ಪಿತ್ತ ನೆತ್ತಿಗೇರಿತು.

"ಆಪಾ, ಏನ್ ಮಾಡಿದ್ರಿ ಇದಕ್ಕೆ? ಇದು ನಮ್ದಲ್ಲ!"

"ನಮಾಜ್ ಮಾಡೋ ಕಡೆ ಜೀವ ಇರೋದರ ಚಿತ್ರ ಇರಬಾರ್ದಲ್ಲಮ್ಮಾ. ಕತ್ತಿಗೆ ಅಡ್ಡ ಗೆರೆ ಎಳೆದ್ರೆ ಸಾಕು, ತಲೆ ಕಡಿದಂಗೆ, ಜೀವ ಇಲ್ಲದ್ದು ಅನ್ನೋ ಲೆಕ್ಕ ಅಂತಾರೆ. ಗಾಜಿನ ಮೇಲೆ ಬೆರಳಲ್ಲಿ ಎಳ್ದೆ ಅಷ್ಟೆ, ಪೆನ್ನೂ ಮುಟ್ಟಿಲ್ಲ."

ಗಾಜನ್ನು ಉಜ್ಜಿ ಉಜ್ಜಿ ಒರೆಸಿದೆ. ಗೆರೆ ಒಳಗೆ, ಕಾಗದದಲ್ಲಿತ್ತು. ಫ್ರೇಮಿನ ಹಿಂದೆ ಅಂಟಿಸಿದ್ದ ಹಳೆಯ ಪಟ್ಟಿ ಒಂದು ಕಡೆಯೂ ಎದ್ದಿರಲಿಲ್ಲ. ಬಾಯಿಗೆ ಬಂದ ಹಾಗೆ ಬೈದೆ. ಆಪಾ ಅತ್ತರು; ನನಗೆ ಕನಿಕರ ಬರಲಿಲ್ಲ.

ಅಜ್ಜಿ ಮರಳಿದಾಗ ಚಿತ್ರ ಒಪ್ಪಿಸಿ, ತಲೆ ತಗ್ಗಿಸಿ ನಿಂತೆ. ಅವರು ಕನ್ನಡಕ ಏರಿಸಿ ನೋಡಿ ನಕ್ಕರು. ಹಲಗೆ ಬಿರುಕು ಬಿಟ್ಟ ಮೇಲೆ ಒತ್ತಿದ ಪ್ರತಿ ಇದು, ಗೆರೆ ಮೊದಲಿನಿಂದಲೂ ಇದೆ ಎಂದರು.

ಅವರಿಗೇ ಕಳಿಸಿದ್ದ ಫೋಟೊವನ್ನು ದೊಡ್ಡದು ಮಾಡಿ ತೋರಿಸಿದೆ. ಕೊರಳು ನುಣ್ಣಗೆ ನೀಲಿ. ಅಜ್ಜಿ ಬಹಳ ಹೊತ್ತು ನೋಡಿದರು. ನಗು ಮಾಯವಾಗಿತ್ತು. ಮೊದಲಿನಿಂದಲೂ ಇದೆ ಎಂದು ಮತ್ತೊಮ್ಮೆ ಹೇಳಿ, ಚಿತ್ರವನ್ನು ಎದೆಗವಚಿಕೊಂಡು ಒಳಗೆ ಹೋದರು.

ನನ್ನ ಮರ್ಯಾದೆ ಉಳಿಸಲು ಸುಳ್ಳು ಹೇಳಿದರೇ? ಇದ್ದರೂ ಇರಬಹುದು. ಹಾಗಾದರೆ ಆ ಗೆರೆ ಬಂದದ್ದೆಲ್ಲಿಂದ? ಬೆರಳಿಗೆ ಬೈಯಲೇ, ಗಾಜಿಗೆ ಬೈಯಲೇ? ಆಪಾ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಪ್ರತಿ ಈದ್‌ಗೂ ಕ್ಷಮೆ ಕೇಳಿಬಿಡೋಣ ಎಂದುಕೊಳ್ಳುತ್ತೇನೆ, ಮತ್ತೆ ಸಿಟ್ಟು ಉಕ್ಕುತ್ತದೆ. ಅವರು ಏನೂ ಮಾಡಲಿಲ್ಲ ಎಂದು ನಾನು ಯಾವ ಬಾಯಿಂದ ಹೇಳಲಿ?