ಐದನೆಯ ತಟ್ಟೆ ಯಾರದು

ಆ ದೊಡ್ಡ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಲಿಫ್ಟಮ್ಮ ಅಂತಲೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಏಳು ಮಹಡಿಗಳ ನಡುವೆ ಜನರನ್ನು ಹತ್ತಿಸಿ ಇಳಿಸಿದವಳು. ಹೆರಿಗೆಗೆ ಹೋಗುವವರನ್ನೂ ಬಿಳಿ ಬಟ್ಟೆ ಹೊದ್ದು ಇಳಿಯುವವರನ್ನೂ ಒಂದೇ ಮುಖದಲ್ಲಿ ಕಂಡವಳು. ತಾನೇ ಓಡುವ ಹೊಸ ಲಿಫ್ಟು ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ ಮೇಲ್ವಿಚಾರಕರು ಅವಳನ್ನು ಕರೆದು, "ಡಿಗ್ರಿಗೆ ಸೇರ್ಕೊಳ್ಳಿ, ಒಂದು ವರ್ಷ ಪಾಸಾದ್ರೆ ರೆಕಾರ್ಡ್ ರೂಮಿಗೆ ಹಾಕಿಸ್ತೀನಿ. ಇಲ್ದಿದ್ರೆ ನನ್ನ ಕೈಲಿ ಏನೂ ಇಲ್ಲ" ಎಂದರು. ಹೀಗೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ಲಿಫ್ಟಮ್ಮ ಬೆಳಗಿನ ಕಾಲೇಜಿಗೆ ಸೇರಿದಳು. ಏಳರಿಂದ ಹತ್ತರವರೆಗೆ ಪಾಠ, ಹನ್ನೊಂದಕ್ಕೆ ಲಿಫ್ಟು.

ಎಲ್ಲಕ್ಕಿಂತ ಅವಳು ಹೆದರಿದ್ದು ಇಂಗ್ಲಿಷ್ ಪ್ರಬಂಧದ ತರಗತಿಗೆ. ಬಸ್ಸು ಓಡಿಸುವ ಗಂಡ, "ನಿಂಗೆ ಇಂಗ್ಲಿಷಲ್ಲಿ ಬರೋದು ಎರಡೇ ಪದ, ಅಪ್ಪು, ಡೌನು. ಪ್ರಬಂಧ ಬೇಗ ಮುಗಿಯುತ್ತೆ ಬಿಡು" ಎಂದು ರೇಗಿಸಿದ್ದ. ಅವಳು ಹಳೇ ವ್ಯಾಕರಣದ ಪುಸ್ತಕ ತಂದು ಒಂದು ತಿಂಗಳು ಕ್ರಿಯಾಪದಗಳನ್ನು ಉರು ಹೊಡೆದಳು.

ಆದರೆ ಇಂಗ್ಲಿಷ್ ಮೇಡಂ ಮೊದಲ ದಿನ ವ್ಯಾಕರಣದ ಸುದ್ದಿಯನ್ನೇ ಎತ್ತಲಿಲ್ಲ. ಮೆಲುದನಿಯ ಹೆಂಗಸು, ಅವರ ಮಾತು ಕೇಳಬೇಕಾದರೆ ಇಡೀ ತರಗತಿ ಉಸಿರು ಬಿಗಿ ಹಿಡಿದು ಕೂರಬೇಕಿತ್ತು.

"ಈ ವರ್ಷ ಮೂರು ಪ್ರಬಂಧ. ಒಂದೊಂದನ್ನೂ ಮೂರು ಸಲ ಬರೀತೀರಿ. ಮೊದಲ ಸಲ ನಿಮಗೋಸ್ಕರ. ಆಮೇಲೆ ಅದನ್ನ ಪಕ್ಕದಲ್ಲಿ ಕೂತೋರಿಗೆ ಕೊಡಿ. ಅವರು ಅರ್ಥ ಆಗದ ಕಡೆ ಪ್ರಶ್ನೆ ಹಾಕ್ತಾರೆ, ನೀವು ಮತ್ತೆ ಬರೀತೀರಿ. ಮೂರನೇದು ನನಗೆ. ಸ್ಪೆಲ್ಲಿಂಗು ಎಲ್ಲ ಕೊನೇಗೆ ನೋಡೋಣ. ಮೊದಲನೇದು, ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಕೋಣೆ. ಕಂಡದ್ದಷ್ಟೇ ಬರೀರಿ."

ಲಿಫ್ಟಮ್ಮ ತಾನು ಹುಟ್ಟಿ ಬೆಳೆದ ಮನೆಯ ಅಡುಗೆಕೋಣೆಯನ್ನು ಆರಿಸಿಕೊಂಡಳು. ಪಕ್ಕದಲ್ಲಿ ಕೂರುತ್ತಿದ್ದದ್ದು ಹದಿನೆಂಟರ ಎರಡು ಜಡೆಯ ಹುಡುಗಿ. ಅವಳು ಪೆನ್ಸಿಲ್ ಹಿಡಿದು ಓದಿ, ಒಂದು ಕಡೆ ನಿಂತಳು.

"ಆಂಟಿ, ಮನೇಲಿ ಅಪ್ಪ, ಅಮ್ಮ, ಅಣ್ಣ, ನೀವು, ನಾಲ್ಕೇ ಜನ ಅಂತ ಬರೆದಿದ್ದೀರಿ. ಕೆಳಗಡೆ ಗೂಡಲ್ಲಿ ಐದು ತಟ್ಟೆ ಅಂತ ಇದೆ. ಐದನೇದು ಯಾರದು?"

"ಕೈತಪ್ಪಾಗಿರಬೇಕು ಕಣಮ್ಮಾ."

"ಕೈತಪ್ಪಲ್ಲ ಅನ್ಸುತ್ತೆ. ಐದನೇದರ ಅಂಚು ನೆಗ್ಗಿತ್ತು ಅಂತಾನೂ ಬರೆದಿದ್ದೀರಿ."

ಲಿಫ್ಟಮ್ಮ ಹಾಳೆ ಇಸಿದುಕೊಂಡು ನೋಡಿದಳು. ಅಕ್ಷರ ತನ್ನದೇ. ಬರೆದ ನೆನಪು ಮಾತ್ರ ಇಲ್ಲ. ಐದನ್ನು ಹೊಡೆದು ನಾಲ್ಕು ಮಾಡಿದಳು. ಮಧ್ಯಾಹ್ನ ಲಿಫ್ಟಿನಲ್ಲಿ ಬಿಡುವಾದಾಗ ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಇಡೀ ಪ್ರಬಂಧವನ್ನು ಹೊಸದಾಗಿ ಬರೆದಳು. ಸಂಜೆ ಓದಿ ನೋಡಿದರೆ ತಟ್ಟೆಗಳು ಮತ್ತೆ ಐದೇ ಇದ್ದವು.

ಮನೆಮಾತಿನಲ್ಲಾದರೆ ಬಾಲ್ಯವನ್ನು ಹೇಳಲು ಅವಳ ಹತ್ತಿರ ಸಿದ್ಧ ಮಾತುಗಳಿದ್ದವು, ಅಮ್ಮನ ಬಾಯಲ್ಲಿ ಕೇಳಿ ಕೇಳಿ ನುಣುಪಾದವು. ಇಂಗ್ಲಿಷಿನಲ್ಲಿ ಅಂಥ ಒಂದು ಮಾತೂ ಇರಲಿಲ್ಲ. ಪದ ಪದಕ್ಕೂ ತಡಕಾಡಬೇಕು. ಹಾಗೆ ತಡಕಾಡುವಾಗ ಕಣ್ಣ ಮುಂದೆ ಏನಿರುತ್ತಿತ್ತೋ ಅದು ಅವಳನ್ನು ಕೇಳದೆ ಹಾಳೆಯ ಮೇಲೆ ಬಂದು ಕೂರುತ್ತಿತ್ತು.

ಎರಡನೆಯ ಪ್ರಬಂಧ, ಚಿಕ್ಕಂದಿನಲ್ಲಿ ದಿನಾ ಮಾಡುತ್ತಿದ್ದ ಒಂದು ಕೆಲಸ. ಅವಳು ಮಲಗುವ ಹೊತ್ತನ್ನು ಬರೆದಳು. ಹುಡುಗಿ ಓದುತ್ತ ಓದುತ್ತ ಒಂದು ಪದಕ್ಕೆ ಸುತ್ತು ಹಾಕಿ, ಹಾಳೆಯನ್ನು ಅವಳ ಕಡೆ ಸರಿಸಿದಳು. ಅಲ್ಲಿ ಇದ್ದದ್ದು ಇಷ್ಟು: ನಾವಿಬ್ಬರೂ ಕಿಟಕಿಯ ಕೆಳಗೆ ಮಲಗುತ್ತಿದ್ದೆವು, ಗೋಡೆಯ ಕಡೆ ಅವಳು.

ಸುತ್ತು ಬಿದ್ದಿದ್ದದ್ದು 'ಅವಳು' ಎಂಬುದಕ್ಕೆ. ಲಿಫ್ಟಮ್ಮನ ಬೆನ್ನ ಹಿಂದೆ ಗೋಡೆ ಇತ್ತು. ಆದರೂ ಹಿಂದೆ ಯಾರೋ ಬಾಗಿ ಓದುತ್ತಿದ್ದಾರೆ ಅನ್ನಿಸಿ ಅವಳು ಒಮ್ಮೆ ತಿರುಗಿಯೂ ನೋಡಿದಳು.

ಅಂದೇ ಅಣ್ಣನಿಗೆ ಫೋನ್ ಮಾಡಿದಳು. ಅವಳಿಗಿಂತ ಏಳು ವರ್ಷ ದೊಡ್ಡವನು, ಕನ್ನಡಕದ ಗಾಜು ಉಜ್ಜಿ ಕೂರಿಸುವ ಕೆಲಸ. ಮಾತು ಕಮ್ಮಿ.

"ಅಣ್ಣಾ, ನಮ್ಮ ಹಳೇ ಮನೇಲಿ ಐದನೇ ತಟ್ಟೆ ಯಾರದು?"

ಅತ್ತ ಕಡೆ ಗಾಜು ಉಜ್ಜುವ ಯಂತ್ರ ನಿಂತಿತು. "ನೆಂಟರಿಗೆ ಅಂತ ಇಟ್ಟಿದ್ದು."

"ನನ್ನ ಪಕ್ಕ ಯಾರು ಮಲಗ್ತಿದ್ರು?"

ಫೋನ್ ಕಟ್ಟಾಯಿತು. ಮಾರನೆಯ ಬೆಳಗ್ಗೆ ಅವಳು ತರಗತಿಯಿಂದ ಹೊರಗೆ ಬಂದರೆ ಅಣ್ಣ ಕಾಲೇಜಿನ ಗೇಟಿನ ಹತ್ತಿರ ನಿಂತಿದ್ದ. ಅವಳ ಮದುವೆಯಾದ ಮೇಲೆ ಅವನಾಗಿ ಅವಳನ್ನು ಹುಡುಕಿಕೊಂಡು ಬಂದದ್ದು ಅದೇ ಮೊದಲು.

"ಪುಟ್ಟಿ, ಆ ಒಂದು ಪಾಠ ಬಿಟ್ಟುಬಿಡು. ಬೇರೆ ಏನು ಬೇಕಾದ್ರೂ ಓದು" ಎಂದ. ಯಾಕೆ ಎಂದು ಕೇಳಿದರೆ ಅವಳ ಚೀಲದತ್ತ ನೋಡಿದ, ಅದರೊಳಗೆ ಹಾವು ಇದ್ದ ಹಾಗೆ. ಆಮೇಲೆ ಹೊರಟುಹೋದ.

ಮೂರನೆಯ ಪ್ರಬಂಧಕ್ಕೆ ಪುರಾವೆ ಬೇಕಿತ್ತು. "ನಿಮಗೆ ಅನ್ನಿಸಿದ್ದು ಬೇಡ. ಹೋಗಿ ನೋಡಿ, ಜನರನ್ನ ಕೇಳಿ, ಅವರು ಹೇಳಿದ್ದನ್ನ ಅವರು ಹೇಳಿದ ಹಾಗೇ ಬರೀರಿ" ಎಂದರು ಮೇಡಂ. ಲಿಫ್ಟಮ್ಮ ರಜೆ ಹಾಕಿ ಹಳೇ ಮನೆಗೆ ಹೋದಳು. ಈಗ ಅದು ಪುಸ್ತಕ ಕಟ್ಟುವ ಒಬ್ಬ ಮುದುಕನ ಗೋದಾಮು. ಅವನು ಕನ್ನಡಕ ಹಣೆಗೇರಿಸಿ, "ನೋಡ್ಕೊಳ್ಳಿ ತಾಯಿ, ಕಾಗದ ಬಿಟ್ರೆ ಇನ್ನೇನಿದೆ ಇಲ್ಲಿ" ಎಂದ.

ಅಡುಗೆಕೋಣೆಯ ಒತ್ತಿಗೆ ಸಾಮಾನು ಇಡುವ ಕತ್ತಲ ಕೋಣೆ. ಅದರ ಚಿಲಕ ಹೊರಗಡೆ ಇತ್ತು. ಸಾಮಾನಿನ ಕೋಣೆಗೆ ಹೊರಗೆ ಚಿಲಕ ಇರುವುದರಲ್ಲಿ ವಿಶೇಷವೇನಿಲ್ಲ. ಆದರೆ ಒಳಗೆ ಹೋಗಿ ದೀಪ ಹಾಕಿದಾಗ, ಮೂಲೆಯ ಗೋಡೆಯ ಮೇಲೆ, ನೆಲದಿಂದ ಮೊಳದೆತ್ತರದಲ್ಲಿ, ಅಂಗೈಯಗಲದ ಒಂದು ಕಪ್ಪು ಕಲೆ ಕಂಡಿತು.

"ಅದೊಂದು ಪೀಡೆ" ಎಂದ ಮುದುಕ ಬಾಗಿಲಿನಿಂದ. "ಎಷ್ಟು ಸಲ ಸುಣ್ಣ ಹೊಡೆಸಿದ್ರೂ ಎರಡು ತಿಂಗಳಿಗೆ ಮೇಲೆ ಬರುತ್ತೆ. ಎಣ್ಣೆ ಕಲೆ. ಯಾರೋ ಚಿಕ್ಕವರು ದಿನಾ ಅಲ್ಲಿ ತಲೆ ಒರಗಿಸಿಕೊಂಡು ಕೂತಿರಬೇಕು."

ಲಿಫ್ಟಮ್ಮ ಅಲ್ಲೇ ನೆಲದ ಮೇಲೆ ಕೂತು ಗೋಡೆಗೆ ಕೈಯಿಟ್ಟಳು. ಗೋಡೆ ತಣ್ಣಗಿತ್ತು. ಆ ತಂಪು ಅವಳಿಗೆ ಹೊಸದಾಗಿರಲಿಲ್ಲ. ಬಾಗಿಲಿನ ಹೊರಗೆ ತಾನು, ಒಳಗೆ ಮತ್ತೊಬ್ಬಳು; ಕೆಳಗಿನ ಸಂದಿನಿಂದ ನಾಲ್ಕು ಬೆರಳು ಹೊರಗೆ ಬರುತ್ತಿದ್ದವು, ಅವನ್ನು ತಾನು ಹಿಡಿದುಕೊಳ್ಳುತ್ತಿದ್ದಳು. ಅಷ್ಟು ನೆನಪಾಯಿತು. ಮುಖ ನೆನಪಾಗಲಿಲ್ಲ.

ಅಲ್ಲಿಂದ ನೇರ ಅಣ್ಣನ ಅಂಗಡಿಗೆ ಹೋಗಿ ಕಲೆಯ ವಿಷಯ ಹೇಳಿದಳು. ಅವನು ಬಹಳ ಹೊತ್ತು ಒಂದೇ ಗಾಜನ್ನು ಒರೆಸಿದ. ಕೊನೆಗೆ, ಗಾಜು ಸುತ್ತಿ ಬರುವ ಕಾಗದದ ಚೂರಿನ ಮೇಲೆ ಒಂದು ವಿಳಾಸ ಬರೆದು ಮೇಜಿನ ಮೇಲೆ ಸರಿಸಿದ.

ವಿಳಾಸ ಊರಿನ ಆಚೆಯ ಒಂದು ಆಶ್ರಮದ್ದು. ಮನೆಯವರಿಗೆ ಬೇಡವಾದವರನ್ನು ನೋಡಿಕೊಳ್ಳುವ ಜಾಗ. ಮಧ್ಯಾಹ್ನ ಮೂರರ ಬಿಸಿಲು. ಉದ್ದನೆಯ ಕಾರಿಡಾರಿನ ಕೊನೆಯಲ್ಲಿ ವಯಸ್ಸಾದ ಆಯಾ ಒಬ್ಬಳು ಬಟ್ಟೆ ಮಡಚುತ್ತಿದ್ದಳು. ಲಿಫ್ಟಮ್ಮನನ್ನು ಕಂಡದ್ದೇ ಅವಳ ಕೈಯಲ್ಲಿದ್ದ ಬಟ್ಟೆ ಜಾರಿತು. ಅವಳು ಚೀರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಮಗುವಿಗೆ ಹೇಳುವ ದನಿಯಲ್ಲಿ, "ನಿನ್ನನ್ನ ನಾನೇ ಸ್ನಾನ ಮಾಡಿಸಿ ಕಳಿಸಿದ್ದೆನಲ್ಲವ್ವ. ಮತ್ತೆ ಯಾಕೆ ಬಂದೆ?" ಎಂದಳು.

ಲಿಫ್ಟಮ್ಮ ಬಿದ್ದ ಬಟ್ಟೆಯನ್ನು ಎತ್ತಿಕೊಂಡು, "ನಾನು ಅವಳಲ್ಲ, ಅವಳ ತಂಗಿ ಇರಬೇಕು" ಎಂದಳು. ಆ ಮಾತನ್ನು ಜನ್ಮದಲ್ಲಿ ಮೊದಲ ಸಲ ಹೇಳುತ್ತಿದ್ದಳು.

ಆಯಾ ಹತ್ತಿರ ಬಂದು ಅವಳ ಗಲ್ಲ ಮುಟ್ಟಿ ನೋಡಿದ ಮೇಲೆ ನಂಬಿದಳು. ಅಕ್ಕ ತೀರಿಕೊಂಡು ಆರು ವರ್ಷವಾಗಿತ್ತು. ಏಳು ವರ್ಷದ ಹುಡುಗಿಯಾಗಿ ಬಂದವಳು ಮೂವತ್ತನಾಲ್ಕು ವರ್ಷ ಅಲ್ಲೇ ಇದ್ದಳಂತೆ. ಮೂರ್ಛೆ ಬರುತ್ತಿತ್ತು, ಮಾತು ಕೆಲವೇ. ಕಿಟಕಿಯ ಪಕ್ಕದ ಮಂಚ. "ಗೋಡೆಗೆ ಅಂಟಿಕೊಂಡೇ ಮಲಗೋಳು. ಉಳಿದ ಅರ್ಧ ಮಂಚ ಯಾರಿಗೂ ಬಿಡ್ತಿರಲಿಲ್ಲ. ಚಳಿಗಾಲದಲ್ಲಿ ಅರ್ಧ ಕಂಬಳಿ ಆ ಖಾಲಿ ಕಡೆಗೆ ಹೊದಿಸೋಳು. ಬೆಳಗ್ಗೆ ಮುಟ್ಟಿ ನೋಡಿದ್ರೆ ಆ ಕಡೆ ಬೆಚ್ಚಗೇ ಇರ್ತಿತ್ತು ನೋಡವ್ವ. ನಾನು ಯಾರಿಗೂ ಹೇಳಿಲ್ಲ, ಹುಚ್ಚಿ ಅಂತಾರೆ ಅಂತ."

ಭೇಟಿಗೆ ಬಂದವರ ಪುಸ್ತಕವನ್ನು ಆಯಾ ತಂದು ತೋರಿಸಿದಳು. ಇಪ್ಪತ್ತಮೂರು ವರ್ಷ, ವರ್ಷಕ್ಕೊಂದು ಸಲ, ಒಂದೇ ಸಹಿ. ಅಣ್ಣನದು.

ಆ ಭಾನುವಾರ ಅಣ್ಣನ ಅಡುಗೆಮನೆಯಲ್ಲಿ ಇಬ್ಬರೂ ಕೂತರು. ಅತ್ತಿಗೆ ಏನನ್ನೂ ಕೇಳದೆ ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ಅಣ್ಣ ಹೇಳಿದ: "ನಾಲ್ಕು ಜನರ ಕಣ್ಣಿಗೆ ಬೀಳಬಾರದು ಅಂತ, ಮನೆಗೆ ಯಾರಾದ್ರೂ ಬಂದ್ರೆ ಅವಳನ್ನ ಆ ಕೋಣೆಗೆ ಹಾಕೋರು. ಕೊನೇಗೆ ಅಪ್ಪ ಅಲ್ಲಿಗೆ ಬಿಟ್ಟು ಬಂದ್ರು. ಬಸ್ಸಲ್ಲಿ ಅವಳ ಕೈ ಹಿಡ್ಕೊಂಡು ಕೂತಿದ್ದೋನು ನಾನು. ಇನ್ನು ಅವಳ ಹೆಸರು ಎತ್ತಬಾರದು ಅಂತ ಆಣೆ ಹಾಕಿಸಿಕೊಂಡ್ರು. ನೀನು ಒಂದು ತಿಂಗಳು ಅತ್ತೆ. ಆಮೇಲೆ ಮರೆತೆ. ಅಪ್ಪ ಅಮ್ಮ ಹೋದ್ಮೇಲೆ ಹೇಳೋಣ ಅಂದ್ಕೊಂಡೆ, ಯಾವ ಬಾಯಲ್ಲಿ ಹೇಳಲಿ?"

ಅವಳು ಬೈಯಬೇಕೆಂದು ಹೋಗಿದ್ದಳು. ಬದಲಿಗೆ ಚೀಲದಿಂದ ಮೂರನೆಯ ಪ್ರಬಂಧಕ್ಕೆಂದು ಬರೆದದ್ದನ್ನು ತೆಗೆದು, ಒಂದೊಂದೇ ವಾಕ್ಯವನ್ನು ಮನೆಮಾತಿಗೆ ತಿರುಗಿಸಿ ಅವನಿಗೆ ಓದಿ ಹೇಳಿದಳು. ಅವನು ನಡುನಡುವೆ ತಡೆದು ತಿದ್ದಿದ. ಅವಳು ಪಕ್ಕದಲ್ಲಿ ಬರೆದುಕೊಂಡಳು. ಕಂಬಳಿಯ ಮಾತು ಬಂದಾಗ ಮಾತ್ರ ಅವನು ತಿದ್ದಲಿಲ್ಲ. "ನಾನೂ ಒಂದ್ಸಲ ಮುಟ್ಟಿ ನೋಡಿದ್ದೆ" ಎಂದು ಎದ್ದು ಹೋಗಿ ಮುಖ ತೊಳೆದುಕೊಂಡ.

ಪ್ರಬಂಧಕ್ಕೆ ನೂರಕ್ಕೆ ಅರವತ್ತೆಂಟು ಬಂತು. ಸ್ಪೆಲ್ಲಿಂಗಿಗೇ ಒಂಬತ್ತು ಹೋಗಿದ್ದವು. ಹೊಸ ಲಿಫ್ಟು ಬಂತು, ಮೇಲ್ವಿಚಾರಕರು ಮಾತು ಉಳಿಸಿಕೊಂಡರು, ಲಿಫ್ಟಮ್ಮ ರೆಕಾರ್ಡ್ ರೂಮಿಗೆ ಹೋದಳು. ಹೆಸರು ಮಾತ್ರ ಬದಲಾಗಲಿಲ್ಲ. ಅಣ್ಣ ಈಗ ತಿಂಗಳಿಗೊಮ್ಮೆ ಮನೆಗೆ ಬರುತ್ತಾನೆ. ಇಬ್ಬರೂ ಅಕ್ಕನ ಹೆಸರು ಹಿಡಿದು ಮಾತಾಡುತ್ತಾರೆ.

ಮರುವರ್ಷ ಹೊಸಬರು ಸೇರಿದಾಗ ಮೇಡಂ ಅವಳನ್ನು ಕರೆಸಿ, ಈ ತರಗತಿಯಲ್ಲಿ ಏನೇನಿರುತ್ತದೆ ಹೇಳಿ ಎಂದರು. ಅವಳು ಎದ್ದು ನಿಂತು, "ವ್ಯಾಕರಣಕ್ಕೆ ಹೆದರಬೇಡಿ, ಅದು ಕೊನೇಗೆ ಬರುತ್ತೆ. ಮೂರು ಸಲ ಬರೆಯೋದಕ್ಕೂ ಬೇಜಾರು ಮಾಡ್ಕೋಬೇಡಿ. ಪಕ್ಕದಲ್ಲಿ ಕೂತೋರು ಪ್ರಶ್ನೆ ಕೇಳಿದ್ರೆ ತಕ್ಷಣ ಹೊಡೆದು ಹಾಕ್ಬೇಡಿ. ಒಂದು ದಿನ ಇಟ್ಕೊಂಡು ನೋಡಿ" ಎಂದಳು.

ಹಿಂದಿನ ಬೆಂಚಿನಿಂದ ಯಾರೋ, "ಒಂದೊಂದು ಎಷ್ಟು ಪುಟ ಇರಬೇಕು?" ಎಂದು ಕೇಳಿದರು.

"ಎರಡು" ಎಂದಳು ಲಿಫ್ಟಮ್ಮ.