ಕಂಬದ ಮನೆಯ ವಿಳಾಸ

ಕಂಪ್ಯೂಟರಿನ ಪರದೆಯ ಮೇಲೆ ಖಾಲಿ ಚೌಕ ಕಂಡರೆ ನಿಮಗೇನೂ ಅನ್ನಿಸಲಿಕ್ಕಿಲ್ಲ. ನನಗೆ ಮಾತ್ರ ಅನುಮಾನ ಶುರುವಾಗುತ್ತದೆ. ಮೊನ್ನೆ ಹುಣಸೂರಿನ ಕಾಲೇಜೊಂದರಲ್ಲಿ ಹಾಗೇ ಆಯಿತು. ಸಿಬ್ಬಂದಿಯ ಹೆಸರು, ಪಾಸ್‌ವರ್ಡುಗಳನ್ನೆಲ್ಲ ಒಂದೇ ಕಡೆ ಇಡುವ ವಿಂಡೋಸ್ ಡೈರೆಕ್ಟರಿ ಹಾಕಬೇಕಿತ್ತು. ಅದಕ್ಕೂ ಮೊದಲು ಡಿಎನ್‌ಎಸ್ ಗೊತ್ತುಮಾಡಬೇಕು. ಅಂದರೆ, ಯಾವ ಹೆಸರಿನ ಯಂತ್ರ ಎಲ್ಲಿದೆ ಎಂದು ಉಳಿದ ಕಂಪ್ಯೂಟರುಗಳು ಯಾರನ್ನು ಕೇಳಬೇಕು ಎನ್ನುವುದನ್ನು. ಮೊದಲ ಚೌಕದಲ್ಲಿ ನಮ್ಮದೇ ಸರ್ವರಿನ ವಿಳಾಸ ತುಂಬಿದೆ. ಎರಡನೆಯದು ಖಾಲಿ.

"ಅದ್ಕೆ ಹೊರಗಡೆ ಇಂಟರ್‌ನೆಟ್ಟಿಂದು ಹಾಕ್ಬುಡಿ ಸಾರ್. ಒಂದ್ ಕೈಕೊಟ್ರೆ ಇನ್ನೊಂದಿರ್ತದೆ," ಎಂದರು ಜೊತೆಗಿದ್ದ ಮಂಜುನಾಥ್.

ಬೆರಳು ಅಲ್ಲೇ ನಿಂತಿತು. ಹನಗೋಡಿನ ನಮ್ಮ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ, ಹಾಕಿದ ಬೀಗವನ್ನು ಅರ್ಧ ದಾರಿಯಿಂದ ವಾಪಸು ಬಂದು ಜಗ್ಗಿ ನೋಡುವ ಆಸಾಮಿ. ಆ ಗುಣ ನನಗೂ ಧಾರಾಳವಾಗಿ ಬಂದಿದೆ. ನಮ್ಮ ಕಡೆ ಹೆಣ್ಣು ನೋಡುವ ಮೊದಲು ಗಂಡಿನವರು ಸುಳಿವು ಕೊಡದೆ ಬಂದು ಬಸ್‌ಸ್ಟಾಂಡಿನಲ್ಲಿ ಮನೆತನ ವಿಚಾರಿಸುತ್ತಾರೆ. ಹೆಣ್ಣಿನ ತಂದೆಗೂ ಇದು ಗೊತ್ತು. ಉತ್ತರ ಹೇಳುವವರನ್ನು ಮೊದಲೇ ಗೊತ್ತುಮಾಡಿರುತ್ತಾನೆ. ಮಗಳು ಸುನಂದಕ್ಕನಿಗೆ ಸರಗೂರಿನ ಸಂಬಂಧ ಬಂದಾಗ ದೊಡ್ಡಪ್ಪ ಹೋಟೆಲಿನ ನಿಂಗರಾಜಣ್ಣನಿಗೆ ಹೇಳಿಟ್ಟರು. ಅಷ್ಟಕ್ಕೆ ಸಮಾಧಾನವಾಗದೆ, ಪಕ್ಕದಲ್ಲಿ ಗೊಬ್ಬರದ ಅಂಗಡಿ ತೆರೆದಿದ್ದ ಹೊಸಬನಿಗೂ "ಯಾರಾರ ಬಂದು ಕೇಳುದ್ರೆ ನಾಕ್ ಒಳ್ಳೇ ಮಾತಾಡಪ್ಪ" ಎಂದು ಬಂದರು. ಪಿರಿಯಾಪಟ್ಟಣದ ಕಡೆಯ ಆತ ದೊಡ್ಡಪ್ಪನ ಮುಖವನ್ನೇನೋ ಬಲ್ಲ. ನಮ್ಮ ಮನೆಯನ್ನು ಊರೆಲ್ಲ 'ಕಂಬದ ಮನೆ' ಅನ್ನುವುದನ್ನು ಕೇಳಿರಲಿಲ್ಲ.

ಸರಗೂರಿನವರು ಬಂದ ದಿನ ನಿಂಗರಾಜಣ್ಣ ಒಳಗೆ ಒಲೆಯ ಮುಂದಿದ್ದ. ಕರೆದಾಗ ಓಗೊಡುವುದು ತಡವಾಯಿತು. ಅವರು ಗೊಬ್ಬರದ ಅಂಗಡಿಗೆ ಹೋಗಿ ಕಂಬದ ಮನೆ ಯಾವುದೆಂದು ಕೇಳಿದರು.

"ಅಂಗಂತ ಯಾವ ಮನೇನೂ ಈ ಊರಲ್ಲಿಲ್ಲ ಕಣ್ರೀ," ಎಂದನಂತೆ.

ಗೊತ್ತಿಲ್ಲ ಅಂದಿದ್ದರೆ ಇನ್ನೊಬ್ಬರನ್ನು ಕೇಳುತ್ತಿದ್ದರು. ಇಲ್ಲ ಎಂದ ಮೇಲೆ ಕೇಳುವುದೇನಿದೆ? ಸುಳ್ಳು ಮನೆತನ ಹೇಳಿದ್ದಾರೆಂದು ಬಂದ ಬಸ್ಸಿನಲ್ಲೇ ಹೊರಟುಹೋದರು. ದೊಡ್ಡಪ್ಪ ಸರಗೂರಿಗೇ ಹೋಗಿ ಕೈಮುಗಿದರೂ ಸಂಬಂಧ ಕೂಡಲಿಲ್ಲ. ಆಮೇಲೆ ಅಕ್ಕ ಯಾವ ಗಂಡಿನವರ ಮುಂದೆಯೂ ಬರಲು ಒಪ್ಪಲಿಲ್ಲ.

"ಇಲ್ಲ ಅನ್ನಿಸ್ಕಂಡಿದ್ದಾಯ್ತು. ಇನ್ನು ಇದೀನಿ ಅಂತ ಯಾಕೋ ನಿಂತ್ಕಳ್ಲಿ?" ಅಂದಿದ್ದಳು.

"ಬ್ಯಾಡ ಮಂಜುನಾಥ್," ಎಂದೆ. "ಹೊರಗಿಂದುಕ್ಕೆ ನಮ್ ಒಳಗಿನ ಹೆಸ್ರು ಗೊತ್ತಿರಲ್ಲ, ಕೇಳುದ್ರೆ ಇಲ್ಲ ಅಂದ್ಬುಡ್ತದೆ. ಎರಡ್ನೇದೂ ನಮ್ದೇ ಸರ್ವರ್ ಆಗ್ಲಿ. ಮನೆ ಗೊತ್ತಿಲ್ದೋನ ದಾರಿ ಹೇಳಕ್ಕೆ ನಿಲ್ಸೋದ್ ಬ್ಯಾಡ."

ಇನ್ನೊಂದು ಸರ್ವರ್ ತರಿಸಿ, ಅದಕ್ಕೂ ಒಳಗಿನ ಹೆಸರುಗಳನ್ನೆಲ್ಲ ತಿಳಿಸಿದ ಮೇಲೆಯೇ ಕೆಲಸ ಮುಂದುವರಿಯಿತು. ಡೈರೆಕ್ಟರಿಯನ್ನೂ ಎರಡರಲ್ಲೂ ಇಟ್ಟೆವು. ಸರಿಯಾಗಿದೆಯೇ ಎಂದು ನೋಡಲು ಮೊದಲಿಗೆ ಕಾಲೇಜಿನ ಲೈಬ್ರರಿಯವರನ್ನು ಕರೆದೆವು. ಆ ಲೈಬ್ರರಿ ನೋಡಿಕೊಳ್ಳುವವಳು ಸುನಂದಕ್ಕನೇ. ಎರಡನೆಯದು ಉತ್ತರ ಕೊಡುತ್ತದೋ ನೋಡಲು ನಾನು ಬೇಕೆಂದೇ ಮೊದಲ ಸರ್ವರಿನ ತಂತಿ ಕಿತ್ತಿದ್ದೆ. ಅಕ್ಕ ಹೆಸರು, ಪಾಸ್‌ವರ್ಡು ಒತ್ತಿ, ಕನ್ನಡಕದ ಮೇಲಿನಿಂದ ಪರದೆಯನ್ನು ನಂಬದೆ ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಹೆಸರು ಮೂಡಿತು.

"ಇದೀನಂತೆ ಕಣೋ," ಎಂದಳು.

ತಂತಿಯನ್ನು ಮತ್ತೆ ಸಿಕ್ಕಿಸಿದೆ. ಜಗ್ಗಿ ನೋಡುವುದು ಮರೆತೇಹೋಯಿತು.